ನಾನಿಲ್ಲದಾಗ ಏನೂ ಕೆಡಲಿಲ್ಲ

ಗರ್ಭಕೋಶದ ಆಪರೇಷನ್ ಆಗಿ ಎರಡು ತಿಂಗಳು ಮನೆಯಲ್ಲಿದ್ದು ಮದರಾಸಿನ ಪೆರುಂಗುಡಿಯ ಆಫೀಸಿಗೆ ಮರಳಿದ ದಿನ, ಲಿಫ್ಟಿನ ಎದುರಿಗೇ ನಮ್ಮ ಮ್ಯಾನೇಜರ್ ಸಿಕ್ಕರು. "ವಾಂಗ ಮೇಡಂ, ವಾಂಗ! ನೀಂಗ ಇಲ್ಲಾಮ ಒರು ಪ್ರಾಬ್ಲಮುಂ ಇಲ್ಲೆ!" ಎಂದರು. ನಾನಿಲ್ಲದಿದ್ದರೂ ಒಂದು ತೊಂದರೆಯೂ ಆಗಲಿಲ್ಲವಂತೆ. ಪಾಪ, ನನಗೆ ನೆಮ್ಮದಿಯಾಗಲಿ ಎಂದೇ ಹೇಳಿದ್ದು. ನಾನೂ ಹಲ್ಲು ಕಿರಿದು "ಥ್ಯಾಂಕ್ಸ್ ಸರ್" ಎಂದೆ. ಒಳಗೆ ಮಾತ್ರ ಧಗ್ ಎಂದು ಹೊತ್ತಿಕೊಂಡಿತು.

ಒಂದೂ ಇಲ್ಲವೇ? ಎರಡು ತಿಂಗಳಲ್ಲಿ ಒಂದಾದರೂ ಬೇಡವೇ? ನಾನು ಕೂಸಿನ ಹಾಗೆ ಸಾಕಿದ ನೆಟ್‌ವರ್ಕ್ ಅದು. ಅಂಬತ್ತೂರಿನಿಂದ ಹೊರಟು ಅಣ್ಣಾ ನಗರ್, ಕೋಯಂಬೇಡು, ಗಿಂಡಿ ಎಂದು ಊರು ಸುತ್ತಿ, ಪೆರುಂಗುಡಿಗೆ ಬಂದು ಮತ್ತೆ ಅಂಬತ್ತೂರಿಗೇ ಸೇರಿಕೊಳ್ಳುವ ಫೈಬರ್ ವರ್ತುಲ. ನಾವೆಲ್ಲ ಅದನ್ನು ರಿಂಗ್ ಎನ್ನುತ್ತೇವೆ. ಅದರ ಮೇಲೆ ಅಲ್ಲಲ್ಲಿ ನಮ್ಮ ರೌಟರ್‌ಗಳು, ಅವುಗಳ ಮೂಲಕ ಆಸ್ಪತ್ರೆ, ವಿಮಾ ಕಂಪನಿ, ಗೋದಾಮು ಎಂದು ಎಷ್ಟೋ ಜನರ ಡೇಟಾ ಓಡುತ್ತದೆ. ಆ ರಿಂಗಿಗೆ ಲೀಡ್ ನಾನು. ಮೆಟ್ರೋದವರು ರಸ್ತೆ ಅಗೆದು ನಮ್ಮ ಕೇಬಲ್ ಕತ್ತರಿಸಿದಾಗೆಲ್ಲ ಊಟದ ತಟ್ಟೆ ಬಿಟ್ಟು ಎದ್ದವಳು ನಾನು. ಆಸ್ಪತ್ರೆಯ ಮಂಚದ ಮೇಲೂ ಫೋನನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದೆ, ಈಗ ಬರುತ್ತದೆ, ಆಗ ಬರುತ್ತದೆ ಎಂದು. ಬರಲೇ ಇಲ್ಲ.

ಬರದಂತೆ ನೋಡಿಕೊಂಡವಳು ಧಾರವಾಡದ ಒಬ್ಬ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳೇ, ನನಗಿಂತ ಬಹಳ ಚಿಕ್ಕವಳು ಅಷ್ಟೇ. ನಮ್ಮ ಟೀಮಿಗೆ ಸೇರಿ ವರ್ಷವಾಗಿತ್ತು. ರಜೆಗೆ ಹೋಗುವಾಗ ರಿಂಗನ್ನು ಅವಳ ಕೈಗೆ ಕೊಟ್ಟು ಹೋಗಿದ್ದೆ. ಬಂದು ನೋಡಿದರೆ ನನ್ನ ಕುರ್ಚಿಯನ್ನು ಒರೆಸಿ ಇಟ್ಟಿದ್ದಾಳೆ, ನನ್ನ ಮೇಜಿನ ಮೇಲಿನ ಗಿಡಕ್ಕೆ ನೀರು ಹಾಕಿದ್ದಾಳೆ, ಅದು ಎರಡು ಹೊಸ ಎಲೆಯನ್ನೂ ಬಿಟ್ಟಿದೆ. ನಾನಿದ್ದಾಗ ಒಂದು ದಿನವೂ ಚಿಗುರದ ಗಿಡ! ಸೊಕ್ಕು ನೋಡಿ ಅದಕ್ಕೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಅವಳು ನನ್ನ ಮನೆಗೂ ಕಾಲಿಟ್ಟಿದ್ದಳು.

ನಾನು ಮಲಗಿದ್ದಾಗ ನನ್ನನ್ನು ನೋಡಿಕೊಳ್ಳಲು ಅಮ್ಮ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಅಣ್ಣಾ ನಗರದ ನಮ್ಮ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಅಪ್ಪನ ಮನೆಯವರು ಮದರಾಸಿನ ಹಳೇ ಕನ್ನಡದವರು, ತಲೆತಲಾಂತರದಿಂದ ರೈಲ್ವೆ ನೌಕರಿ. ಅವರ ಕನ್ನಡದಲ್ಲಿ ಅರ್ಧ ತಮಿಳು. ಅಮ್ಮ ಗದಗಿನ ಪಕ್ಕದ ಊರಿಂದ ಮದುವೆಯಾಗಿ ಬಂದವಳು. ಅವಳು ಬಾಯಿ ತೆರೆದರೆ ಅಜ್ಜಿ ನಗುತ್ತಿದ್ದಳಂತೆ, "ಇದೇನೇ ನಿನ್ನ ಮಾತು, ಜಗಳ ಆಡಿದ ಹಾಗಿದೆ" ಎಂದು. ಅಮ್ಮ ತನ್ನ ಮಾತನ್ನು ಮೆಲ್ಲಗೆ ಮಡಿಸಿ ಒಳಗಿಟ್ಟುಬಿಟ್ಟಳು. ನಾನು ಹುಟ್ಟುವ ಹೊತ್ತಿಗೆ, ಊಟ ಆಯಿತಾ ಎನ್ನಲು ಅವಳೂ "ಸಾಪ್ಟ್ಯಾ ಕಣ್ಣಾ?" ಎಂದೇ ಕೇಳುತ್ತಿದ್ದಳು. ನನಗೆ ಗೊತ್ತಿರುವುದು ಆ ಅಮ್ಮನೇ. ನಾನೋ, ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಅವಳಲ್ಲಿ ಉಳಿದ ಅರ್ಧ ಕನ್ನಡಕ್ಕೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದೆ.

ಒಂದು ಸಂಜೆ ಈ ಹುಡುಗಿ ಕೋಯಂಬೇಡಿನ ಮಾರ್ಕೆಟ್ಟಿನಿಂದ ಸೀತಾಫಲ ಹೊತ್ತುಕೊಂಡು ನನ್ನನ್ನು ನೋಡಲು ಬಂದಳು. ಬಾಗಿಲು ತೆರೆದ ಅಮ್ಮನಿಗೆ ಬಗ್ಗಿ ನಮಸ್ಕಾರ ಮಾಡಿ, "ಮೌಶಿ, ಅಕ್ಕಾರು ಹೆಂಗ ಅದಾರ್ರೀ?" ಎಂದಳು.

ಮೌಶಿ! ಚಿಕ್ಕಮ್ಮನಂತೆ! ನಾನು ಒಳಗೆ ಮಲಗಿದ್ದೆ. ಹೊರಗಿನಿಂದ ಅಮ್ಮನ ದನಿ ಕೇಳಿಸಿತು. "ಯಾವೂರವಾ ನಿಂದು?"

"ಧಾರವಾಡ್ರೀ."

"ಅಯ್ಯ ಶಿವನ! ನಮ್ಮ ಕಡೀದಾಕಿ! ಬಾರವಾ, ಒಳಗ ಬಾ. ಬಿಸಲಾಗ ಬಂದೀ, ಮೊದಲ ನೀರ ಕುಡಿ."

ಆ ದನಿಯನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಗಟ್ಟಿ, ಅಗಲ, ಸ್ವಲ್ಪ ತುಂಟ. ನನ್ನಮ್ಮ ಹಾಗೆ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅವರಿಬ್ಬರೂ ಹೊರಗೆ ಕೂತು ಎಣಗಾಯಿ, ಗುರೆಳ್ಳು ಚಟ್ನಿ, ಯಾವುದೋ ಸಂತೆ, ಯಾವುದೋ ಕೆರೆ ಎಂದು ಹರಟಿದ್ದೇ ಹರಟಿದ್ದು. ಅಮ್ಮ ಒಂದು ಮಾತಿಗೆ ತಡಕಾಡಿದರೆ ಅವಳು ಎತ್ತಿಕೊಡುವಳು, "ಅದಕ್ಕ ಮಡಿಕಿಕಾಳು ಅಂತಾರಲ್ರೀ ಮೌಶಿ" ಎಂದು. "ಹಾಂ, ಮಡಿಕಿಕಾಳು! ಮರತ ಬಿಟ್ಟಿದ್ನೆಲ್ಲ!" ಎಂದು ಅಮ್ಮ ಚಪ್ಪಾಳೆ ತಟ್ಟುವಳು. ನೋಡಲು ಬಂದದ್ದು ನನ್ನನ್ನು, ಹೊಟ್ಟೆ ಕೊಯ್ಯಿಸಿಕೊಂಡವಳು ನಾನು, ಸೀತಾಫಲ ಸುಲಿಯುತ್ತಾ ಅಲ್ಲಿ ಇಬ್ಬರ ಜಾತ್ರೆ! ಗೋಡೆಯ ಕಡೆ ತಿರುಗಿ ಮಲಗಿ ನಿದ್ದೆ ಬಂದವಳ ಹಾಗೆ ನಟಿಸಿದೆ.

ಆಮೇಲೆ ವಾರವಾರವೂ ಬಂದಳು. ನಾನು ಆಫೀಸಿಗೆ ಹೊರಟ ದಿನ ಅಮ್ಮ ಎರಡು ಡಬ್ಬಿ ಕಟ್ಟಿದಳು. ಒಂದು ನನಗೆ, ಮೊಸರನ್ನ. ಇನ್ನೊಂದು ಅವಳಿಗೆ. ಜೋಳದ ರೊಟ್ಟಿ, ಎಣಗಾಯಿ, ಮೇಲೆ ಗುರೆಳ್ಳು ಪುಡಿ. "ಅವಳಿಗೆ ಯಾಕಮ್ಮಾ? ಕ್ಯಾಂಟೀನ್ ಇಲ್ಲೆಯಾ ಅಲ್ಲಿ?" ಎಂದೆ. "ನೀನು ರೊಟ್ಟಿ ತಿನ್ನಲ್ವಲ್ಲ ಕಣ್ಣಾ, ಗಟ್ಟಿ ಅಂತೀಯ" ಎಂದಳು ಅಮ್ಮ. ನಿಜ, ನಾನು ತಿನ್ನುವುದಿಲ್ಲ. ಆದರೆ ನನ್ನ ಕೈಯಲ್ಲೇ ಹೊರಿಸಿ ಕಳಿಸಬೇಕೇ? ಒಎಂಆರ್ ರಸ್ತೆಯ ಟ್ರಾಫಿಕ್ಕಿನಲ್ಲಿ ತೊಡೆಯ ಮೇಲೆ ಅವಳ ಬುತ್ತಿ ಬೆಚ್ಚಗೆ ಕೂತಿರುತ್ತಿತ್ತು, ದಿನವೂ.

ಮೊದಲ ವಾರದಲ್ಲೇ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ರಿಂಗಿನ ಎಲ್ಲ ರೌಟರ್‌ಗಳಿಗೂ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ಹಾಕುವಾಗ ಒಂದೊಂದು ರೌಟರ್‌ನ ತಲೆಯೂ ಒಮ್ಮೆ ಆರಿ ಹೊತ್ತುತ್ತದೆ. ಗಿರಾಕಿಗಳಿಗೆ ಅದು ಗೊತ್ತೇ ಆಗಬಾರದು. ಆದ್ದರಿಂದ ಮೊದಲು ರೌಟರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಸಿಗ್ನಲಿಂಗ್ ಪ್ರೋಟೋಕಾಲಿಗೆ ಗ್ರೇಸ್‌ಫುಲ್ ರೀಸ್ಟಾರ್ಟ್ ಕಾನ್ಫಿಗರ್ ಮಾಡಿ ಪರೀಕ್ಷೆ ಮಾಡಬೇಕು ಎಂದರು. ಕಾನ್ಫಿಗ್, ಅಂದರೆ ರೌಟರ್‌ಗೆ ಕೊಡುವ ಆದೇಶದ ಸಾಲುಗಳನ್ನು, ಅವಳು ಬರೆಯಲಿ, ನಾನು ರಿವ್ಯೂ ಮಾಡಲಿ. "ಇದು ಮುಗಿಯಲಿ, ಆಮೇಲೆ ರಿಂಗಿಗೆ ಲೀಡ್ ಯಾರು ಅಂತ ಹೇಳ್ತೇನೆ" ಎಂದು ತಮಿಳಿನಲ್ಲಿ ಮೆತ್ತಗೆ ಸೇರಿಸಿದರು. ಯಾರು ಅಂತ ಹೇಳುವುದೇನು ಬಂತು? ಲೀಡ್ ನಾನಲ್ಲವೇ? ನನ್ನ ಹೊಟ್ಟೆ ಕೊಯ್ದಿದ್ದರು, ತಲೆಯನ್ನಲ್ಲ! ಅವಳು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುವುತ್ತಾ ಕೂತಿದ್ದಳು. ಬೇಡ ಎಂದೂ ಹೇಳಲಿಲ್ಲ.

ಈ ಗ್ರೇಸ್‌ಫುಲ್ ರೀಸ್ಟಾರ್ಟ್ ಎಂದರೇನು ಎಂದು ಅಮ್ಮ ಒಮ್ಮೆ ಕೇಳಿದ್ದಳು. ಅವಳಿಗೆ ಹೇಳಿದಂತೆಯೇ ಇಲ್ಲೂ ಹೇಳುತ್ತೇನೆ. ರೌಟರ್‌ಗೆ ತಲೆ ಬೇರೆ, ಕೈ ಬೇರೆ. ದಾರಿ ಯಾವುದು ಎಂದು ತಲೆ ಯೋಚಿಸುತ್ತದೆ. ಬಂದದ್ದನ್ನು ಆ ದಾರಿಗೆ ಕೈ ದಾಟಿಸುತ್ತದೆ. ಅಕ್ಕಪಕ್ಕದ ರೌಟರ್‌ಗಳ ತಲೆಗಳು ಒಂದಕ್ಕೊಂದು ಆಗಾಗ ಹಲೋ ಅನ್ನುತ್ತಿರುತ್ತವೆ. ಒಂದು ಉತ್ತರ ಕೊಡಲಿಲ್ಲವೋ, ಪಕ್ಕದ್ದು ಅದು ಸತ್ತಿತೆಂದು ತಿಳಿದು, ಅದರ ಮೂಲಕ ಹೋಗುತ್ತಿದ್ದ ದಾರಿಗಳನ್ನೆಲ್ಲ ಅಳಿಸಿಹಾಕುತ್ತದೆ. ಕೈ ಪಾಪ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಹಾಗೆ ಅಳಿಸಬೇಡಿ, ಇಷ್ಟು ಹೊತ್ತು ಕಾಯಿರಿ ಎಂದು ಎರಡೂ ಕಡೆಯಲ್ಲಿ ಮೊದಲೇ ಒಪ್ಪಂದ ಮಾಡಿಡುವುದೇ ಗ್ರೇಸ್‌ಫುಲ್ ರೀಸ್ಟಾರ್ಟ್. ತಲೆ ಮತ್ತೆ ಎಚ್ಚರವಾದಾಗ ಅದಕ್ಕೆ ಏನೂ ನೆನಪಿರುವುದಿಲ್ಲ. ಆಗ ಪಕ್ಕದ ರೌಟರ್, ಈ ದಾರಿಗೆ ನೀನು ಈ ಗುರುತು ಕೊಟ್ಟಿದ್ದೆ, ಆ ದಾರಿಗೆ ಆ ಗುರುತು ಎಂದು ಒಂದೊಂದಾಗಿ ಹೇಳಿಕೊಡುತ್ತದೆ. ಅದಕ್ಕೂ ಒಂದು ಗಡುವಿದೆ. ಗಡುವಿನೊಳಗೆ ಬಂದು ಹೇಳಿಸಿಕೊಳ್ಳದ್ದನ್ನು ಆಮೇಲೆ ಅಳಿಸಿಬಿಡುತ್ತಾರೆ.

"ಪಾವಂ" ಎಂದು ಮರುಗಿದ್ದಳು ಅಮ್ಮ, ಯಾರ ಬಗ್ಗೆಯೋ.

ಧಾರವಾಡದವಳು ಬರೆದ ಕಾನ್ಫಿಗ್ ಬಂತು. ಇಂಥ ರಿವ್ಯೂವನ್ನು ನಾನು ಜನ್ಮದಲ್ಲಿ ಮಾಡಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಒಂದೊಂದು ಸಾಲನ್ನೂ ಹರಡಿಕೊಂಡು ಕೂತೆ. ಹಲೋ ಎಲ್ಲ ಕೊಂಡಿಗಳಲ್ಲೂ ಹಾಕಿದ್ದಾಳೆಯೇ? ಹಾಕಿದ್ದಾಳೆ. ಕಾಯುವ ಗಡುವು ಎರಡೂ ಕಡೆ ಸಾಕಷ್ಟಿದೆಯೇ? ಇದೆ. ಅಂಬತ್ತೂರಿನ ಹಳೇ ರೌಟರ್ ನೆನಪು ಮಾಡಿಕೊಳ್ಳುವುದರಲ್ಲಿ ನಿಧಾನ, ಅದಕ್ಕೆ ಹೆಚ್ಚು ಹೊತ್ತು ಕೊಟ್ಟಿದ್ದಾಳೆಯೇ? ಅದನ್ನೂ ಕೊಟ್ಟಿದ್ದಾಳೆ, ಮಹಾತಾಯಿ. ಒಂದು ಸಾಲಾದರೂ ವಕ್ರ ಇರಬಾರದೇ ಎಂದು ಹುಡುಕಿ ಹುಡುಕಿ ಕಣ್ಣು ಉರಿಯಿತು. ಕೊನೆಗೆ ಹಲ್ಲು ಕಚ್ಚಿಕೊಂಡು ಒಪ್ಪಿಗೆ ಕೊಟ್ಟೆ.

ಪರೀಕ್ಷೆಯನ್ನು ಒಂದು ಭಾನುವಾರ ಬೆಳಿಗ್ಗೆ ಇಟ್ಟುಕೊಂಡೆವು, ಗಿರಾಕಿಗಳ ಓಡಾಟ ಕಮ್ಮಿ ಇರುವ ಹೊತ್ತು. ಆಫೀಸಿನಲ್ಲಿ ಮ್ಯಾನೇಜರ್, ಅವಳು, ನಾನು. ಕೋಯಂಬೇಡಿನ ರೌಟರ್‌ನ ತಲೆಯನ್ನು ಅವಳು ರೀಸ್ಟಾರ್ಟ್ ಮಾಡಿದಳು. ಉಸಿರು ಬಿಡುವುದರೊಳಗೆ ಅಕ್ಕಪಕ್ಕದ ಎರಡು ರೌಟರ್‌ಗಳೂ ಅದರ ದಾರಿಗಳನ್ನೆಲ್ಲ ಅಳಿಸಿಹಾಕಿದವು. ಪರದೆ ಪೂರ್ತಿ ಕೆಂಪು. ಡೇಟಾ ಟ್ರಾಫಿಕ್ ಬಿದ್ದುಹೋಯಿತು.

ನನಗೆ ಏನನ್ನಿಸಿತು ಎಂದರೆ, ಮುಚ್ಚಿಟ್ಟು ಏನು ಪ್ರಯೋಜನ, ಹಬ್ಬ ಅನ್ನಿಸಿತು. ಒಳಗೆ ಯಾರೋ ಪಟಾಕಿ ಹಚ್ಚಿದರು. ಕೆಟ್ಟಿತು! ಅವಳ ಕೈಯಲ್ಲಿ, ಮ್ಯಾನೇಜರ್ ಎದುರಿಗೇ ಕೆಟ್ಟಿತು! ಅವಳ ಮುಖ ಬಿಳಿಚಿಕೊಂಡಿತ್ತು. ನಾನು ಬಹಳ ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡು ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದೆ, ಅವಳ ತಪ್ಪು ಎಲ್ಲಿದೆ ಎಂದು ತೋರಿಸಲು.

ಲಾಗಿನಲ್ಲಿ ಅವಳ ಸಾಲುಗಳು ಇರಲೇ ಇಲ್ಲ. ಇದ್ದವು ನನ್ನವು.

ಮೆಟ್ರೋದವರು ಕೇಬಲ್ ಕತ್ತರಿಸುತ್ತಿದ್ದ ಕಾಲದಲ್ಲಿ ನಾನೊಂದು ಏರ್ಪಾಡು ಮಾಡಿದ್ದೆ. ಪಕ್ಕದ ರೌಟರ್ ಕಣ್ಣು ಮಿಟುಕಿಸುವಷ್ಟು ಹೊತ್ತು ಸುಮ್ಮನಾದರೂ ಸಾಕು, ಸತ್ತಿತೆಂದು ಸಾರಿ ಟ್ರಾಫಿಕ್ಕನ್ನು ಬೇರೆ ದಾರಿಗೆ ತಿರುಗಿಸುವ ಒಂದು ಚುರುಕು ತಪಾಸಣೆ. ಅದಕ್ಕೆ ಎಲ್ಲರೂ ನನ್ನನ್ನು ಹೊಗಳಿದ್ದರು, ಕೇಬಲ್ ಹೋದಾಗ ಅದು ಬೇಕೇ ಬೇಕಿತ್ತು. ಆ ತಪಾಸಣೆಗೆ ಉತ್ತರ ಕೊಡುತ್ತಿದ್ದದ್ದು ರೌಟರ್‌ನ ತಲೆ. ತಲೆ ರೀಸ್ಟಾರ್ಟ್ ಆದ ಕ್ಷಣ ಉತ್ತರ ನಿಂತಿತು. ಕಾಯಿರಿ ಎಂದು ಅವಳು ಬರೆದ ಒಪ್ಪಂದ ಶುರುವಾಗುವ ಮೊದಲೇ, ಸತ್ತಿತು ಎಂದು ನನ್ನ ಸಾಲು ಕೂಗಿಬಿಟ್ಟಿತ್ತು.

ಮ್ಯಾನೇಜರ್ ಪರದೆಯನ್ನು ತೋರಿಸಿ, "ಇದು ಯಾರೋಡ ಕಾನ್ಫಿಗ್?" ಎಂದು ಕೇಳಿದರು.

ಅವಳು ಎದ್ದು ನಿಂತಳು. "ನಾನ್‌ದಾನ್ ಸರ್" ಎಂದಳು ತನ್ನ ಅರೆಬರೆ ತಮಿಳಿನಲ್ಲಿ. ತನ್ನದೇ ಅಂತೆ, ತಾನೇ ನೋಡಬೇಕಿತ್ತಂತೆ, ಸಾರಿ ಅಂತೆ.

ನನಗೆ ಎಲ್ಲಿಲ್ಲದ ಕೋಪ ಬಂತು. ನನ್ನ ಕುರ್ಚಿ ಸಾಲದೆಂದು, ನನ್ನ ಅಮ್ಮ ಸಾಲದೆಂದು, ಈಗ ನನ್ನ ಸಾಲುಗಳನ್ನೂ ತನ್ನದು ಅನ್ನುತ್ತಾಳಲ್ಲ! ನಾನು ಬಿಸಿಲಲ್ಲಿ ನಿಂತು, ಒಂದೊಂದು ಅಗೆತದ ಗುಂಡಿಯ ಪಕ್ಕ ಬೆವರು ಸುರಿಸಿ ಬರೆದದ್ದು ಅವು. "ಇಲ್ಲೆ ಸರ್!" ಎಂದು ಮೇಜು ಗುದ್ದಿದೆ. "ಅದು ಎನ್ನೋಡದು. ಅದರ ಒಂದು ಅಕ್ಷರ ಕೂಡ ಇವಳದಲ್ಲ." ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ನಾನು ಬಾಚಿಕೊಂಡದ್ದು ಏನನ್ನು ಎಂದು. ಮ್ಯಾನೇಜರ್ ನನ್ನನ್ನೇ ನೋಡಿದರು. "ರಿವ್ಯೂನಲ್ಲಿ ನೀವು ನೋಡಲಿಲ್ಲವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಫಿ ಮೆಷಿನ್ನಿನ ಕಡೆ ನಡೆದರು.

ಅವರು ಅತ್ತ ಹೋದ ಮೇಲೆ ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ. "ಕಣ್ಣೆದುರಿಗೇ ಇತ್ತಲ್ಲ ಅದು. ಯಾಕೆ ತೆಗೀಲಿಲ್ಲ ನೀನು?"

"ನೀವು ಹಾಕಿದ್ದಲ್ಲೇನ್ರೀ ಅಕ್ಕಾರ" ಎಂದಳು. "ನೀವು ಮನ್ಯಾಗ ಮಲಗಿರುವಾಗ ನಿಮ್ಮದನ್ನ ನಾ ಹೆಂಗ ಮುಟ್ಟಲಿ? ಎರಡು ತಿಂಗಳನೂ ನಿಮ್ಮ ಒಂದು ಸಾಲು ಮುಟ್ಟಿಲ್ಲ ನಾ. ನೀವು ಬಂದಾಗ ಎಲ್ಲಾ ಬಿಟ್ಟು ಹೋದಂಗ ಇರಬೇಕು ಅಂತ. ನಿಮ್ಮ ಸಾಲು ಅಂದ ಮ್ಯಾಲ ಸರೀನ ಇರ್ತಾವ ಅಂತ ಓದಿ ನೋಡಲೂ ಇಲ್ರೀ."

ನಾನೂ ಓದಿ ನೋಡಿರಲಿಲ್ಲ. ನನಗೆ ಬೇಕಿದ್ದದ್ದು ಅವಳ ತಪ್ಪು. ನನ್ನ ಸಾಲುಗಳ ಮೇಲೆ ಕಣ್ಣು ಹಾಯಿಸಲು ಪುರುಸೊತ್ತೆಲ್ಲಿತ್ತು? ಅವಳು ಗೌರವದಿಂದ ಬಿಟ್ಟಳು, ನಾನು ಹೊಟ್ಟೆಕಿಚ್ಚಿನಿಂದ ಬಿಟ್ಟೆ. ಅವಳ ಮಾತಿನಲ್ಲಿ ಕೊಂಕಿದೆಯೇ ಎಂದು ಮುಖವನ್ನು ದಿಟ್ಟಿಸಿ ನೋಡಿದೆ. ಇರಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಕೊಂಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ದಾರಿಗಳೆಲ್ಲ ಮತ್ತೆ ಕೂಡಿಕೊಂಡ ಮೇಲೆ ಇಬ್ಬರೂ ಒಂದೇ ಪರದೆಯ ಎದುರು ಕೂತು ಸರಿಮಾಡಿದೆವು. ತಪಾಸಣೆಯನ್ನು ತೆಗೆಯಲಿಲ್ಲ. ಅದಕ್ಕೆ ಉತ್ತರ ಕೊಡುವ ಕೆಲಸವನ್ನು ತಲೆಯಿಂದ ಬಿಡಿಸಿ ಕೈಗೆ ವಹಿಸಿದೆವು, ತಲೆ ಇಲ್ಲದ ಹೊತ್ತಿನಲ್ಲೂ ಇದ್ದೇನೆ ಎಂದು ಅದು ಹೇಳುವಂತೆ. ಹೇಗೆ ಎಂದು ಗೊತ್ತಿದ್ದದ್ದು ನನಗೆ. ಪ್ರತಿ ಕೊಂಡಿಯಲ್ಲೂ ತಾಳ್ಮೆಯಿಂದ ಹಾಕಿದವಳು ಅವಳು. ಮಧ್ಯಾಹ್ನ ಅಮ್ಮ ಕಳಿಸಿದ್ದ ರೊಟ್ಟಿಯನ್ನು ಮುರಿದು ಅರ್ಧ ನನ್ನ ಮುಂದೆ ಇಟ್ಟಳು. ಬೇಡ ಎಂದೆ.

ಮುಂದಿನ ಭಾನುವಾರ ಮತ್ತೆ ರೀಸ್ಟಾರ್ಟ್ ಮಾಡಿದೆವು. ಕೋಯಂಬೇಡಿನ ತಲೆ ಆರಿತು, ಅಕ್ಕಪಕ್ಕದವು ಕಾದವು, ಅದು ಎದ್ದು ಬಂತು, ಕೇಳಿ ತಿಳಿದುಕೊಂಡಿತು. ಪರದೆ ಹಸಿರಾಗಿಯೇ ಇತ್ತು. ಡೇಟಾದ ಒಂದು ಪ್ಯಾಕೆಟ್ ಕೂಡ ಕಳೆದುಹೋಗಲಿಲ್ಲ. "ಒಣ್ಣುಮೇ ನಡಕ್ಕಲೆ!" ಎಂದು ಮ್ಯಾನೇಜರ್ ಕುಣಿಯುವುದೊಂದು ಬಾಕಿ. ಏನೂ ಆಗಲೇ ಇಲ್ಲವಂತೆ. ಲಿಫ್ಟಿನ ಎದುರು ನನಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಆಮೇಲೆ ನನ್ನನ್ನು ಒಬ್ಬಳನ್ನೇ ತಮ್ಮ ಕೋಣೆಗೆ ಕರೆದರು. ಸುತ್ತಿಬಳಸಿ, ನನ್ನ ಆರೋಗ್ಯ ವಿಚಾರಿಸಿ, ನನ್ನ ಅನುಭವವನ್ನು ಹೊಗಳಿ, ಕೊನೆಗೆ ವಿಷಯಕ್ಕೆ ಬಂದರು. ರಿಂಗ್ ಅವಳ ಹತ್ತಿರವೇ ಇರಲಿ. ಅಪ್‌ಗ್ರೇಡಿಗೂ ಆಮೇಲೂ ಲೀಡ್ ಅವಳೇ. ನಾನು ಎಲ್ಲವನ್ನೂ ರಿವ್ಯೂ ಮಾಡುತ್ತಾ ಆರಾಮವಾಗಿರಬೇಕಂತೆ. "ನೀಂಗ ಇಲ್ಲಾಮ ಮುಡಿಯಾದು ಮೇಡಂ" ಎಂದರು. ನಾನಿಲ್ಲದೆ ಆಗುವುದಿಲ್ಲವಂತೆ! ಆಗುತ್ತದೆ ಎಂದು ಎರಡು ತಿಂಗಳು ಆಗಿಯೇ ತೋರಿಸಿತ್ತಲ್ಲ. "ಸರಿ ಸರ್" ಎಂದು ಹೊರಗೆ ಬಂದೆ. ಅವಳು ನನ್ನ ಕಡೆ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಬ್ಯಾಗು ತೆಗೆದುಕೊಂಡು ಹೊರಟುಬಿಟ್ಟೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಮ್ಮ ಬಾಲ್ಕನಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಚಪ್ಪಲಿ ಬಿಟ್ಟವಳೇ ಅವಳ ಎದುರು ನೆಲದ ಮೇಲೆ ಕೂತೆ. ಅವಳ ಹತ್ತಿರವಾದರೂ ಅಳಬಹುದು ಎಂದುಕೊಂಡು ಬಂದಿದ್ದೆ. "ಮುಗೀತಮ್ಮಾ" ಎಂದೆ. "ಲೀಡ್ ಅವಳಿಗೇ ಕೊಟ್ಬಿಟ್ರು."

ಅಮ್ಮನ ಮುಖ ಅರಳಿತು. ತಡೆಯಲು ಅವಳಿಗೇ ಪುರುಸೊತ್ತು ಸಿಗಲಿಲ್ಲ. "ಹೌದೇನ? ಭಾಳ ಚಲೋ ಆತ ನೋಡವಾ! ಒಬ್ಬಾಕಿನ ಇಷ್ಟ ದೂರ ಬಂದು ದುಡೀತೈತಿ ಕೂಸು, ಅವರವ್ವ ಕೇಳಿದ್ರ ಎಷ್ಟ ಹಿಗ್ಗತಾಳ!"

ನೋಡವಾ. ಆ ಗಟ್ಟಿ, ಅಗಲ ದನಿಯಲ್ಲಿ, ನನ್ನ ಮುಖ ನೋಡಿ, ನನಗೆ. ನಾನು ಹುಟ್ಟಿದ ಮೇಲೆ ಮೊದಲ ಸಲ. ಅದೂ ಆ ಹುಡುಗಿಯ ಸಂತೋಷಕ್ಕೆ.

ನನ್ನ ಮುಖ ಹೇಗಾಯಿತೋ, ಅಮ್ಮ ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ಸೊಪ್ಪಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು. ದನಿ ಸಣ್ಣದಾಗಿ ಮತ್ತೆ ಹಳೆಯದಾಯಿತು. "ಅಯ್ಯೋ, ನಾನೊಂದು! ತಪ್ಪಾ ನೆನಚ್ಕೋಬೇಡ ಕಣ್ಣಾ. ನಿನಗೆ ಕಷ್ಟ ಆಯ್ತಾ?"

ಕಷ್ಟವೇ. ಹೊಟ್ಟೆ ಉರಿಯುತ್ತಲೇ ಇತ್ತು, ಈಗಲೂ ಉರಿಯುತ್ತದೆ. ಆದರೆ ಅದಕ್ಕಿಂತ ಜೋರಾಗಿ ಇನ್ನೊಂದು ಹಸಿವು ಎದ್ದುಬಿಟ್ಟಿತ್ತು. ಅವಳ ಕೈಯನ್ನು ಬಿಡಲಿಲ್ಲ.

"ನಿಲ್ಲಿಸಬೇಡಮ್ಮ" ಎಂದೆ. "ಈಗ ಮಾತಾಡಿದ್ಯಲ್ಲ, ಹಾಗೇ ಮಾತಾಡು. ನನ್ನ ಜೊತೆ."

"ಏನಂತ ಮಾತಾಡ್ಲಿ? ಅವಳ ವಿಷಯ ಎತ್ತಿದ್ರೆ ನಿನಗೆ ಆಗಲ್ವಲ್ಲ."

"ಅವಳ ವಿಷಯವೇ ಆಗ್ಲಿ, ಮಾತಾಡು" ಎಂದೆ.